ಸ್ವರದಲ್ಲಿ ಸೇರಿದ ಮರಳು

"ಇದನ್ನ ಪರೀಕ್ಷೆ ಮಾಡಿ ಕಳಿಸಿದ್ದು ಯಾರು?"

ಕೌಂಟರಿನಾಚೆ ನಿಂತಿದ್ದ ಗಿರಾಕಿ ಕೇಳಿದ್ದು ಮೆಲ್ಲಗೇ. ಆದರೂ ವರ್ಕ್‌ಶಾಪಿನಲ್ಲಿದ್ದ ನಾಲ್ಕೂ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡಿದರು. ಕೌಂಟರಿನ ಮೇಲೆ ಮರದ ಪಕ್ಕೆಗಳಿದ್ದ ಒಂದು ಸಿಂಥಸೈಜರ್ ಕೂತಿತ್ತು. ಮೂರು ವಾರದ ಹಿಂದೆ ಅದರ ಮುಚ್ಚಳ ಬಿಗಿದು ಕಳಿಸಿದ್ದವಳು ಆ ನಾಲ್ವರಲ್ಲಿ ಒಬ್ಬಳು.

ಅವಳನ್ನು ಅಲ್ಲಿ ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಸೂಜಿಯಷ್ಟು ಸಣ್ಣ ಸ್ಕ್ರೂಡ್ರೈವರ್ ಹಿಡಿದು ದಿನವಿಡೀ ಕೂರುತ್ತಾಳೆಂದು ಹಾಗೆ ಕರೆದರೋ, ಅವಳ ಮಾತಿನ ಮೊನೆ ನೋಡಿ ಕರೆದರೋ, ಈಗ ಯಾರಿಗೂ ನೆನಪಿಲ್ಲ. ವರ್ಕ್‌ಶಾಪು ಅವಳ ಸೋದರಮಾವನದು. ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಈ ವಾದ್ಯಗಳನ್ನು ಅವರು ಮೂವತ್ತು ವರ್ಷಗಳಿಂದ ಕೈಯಲ್ಲೇ ಜೋಡಿಸುತ್ತಿದ್ದರು. ಕಟ್ಟಕಡೆಯ ಪರೀಕ್ಷೆ ಮಾತ್ರ ಸೂಜಿಯದು.

"ನಾನೇ. ಏನಾಗಿದೆ ಇದಕ್ಕೆ?" ಎಂದಳು, ಎದ್ದು ಬಂದು.

"ಸೈನ್ ವೇವ್‌ನಲ್ಲಿ ಮರಳು ಸೇರಿದೆ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಸೂಜಿಗೆ ನಗು ಬರಲಿಲ್ಲ. ಅವಳು ಆ ವಾದ್ಯವನ್ನು ತನ್ನ ಮೇಜಿಗೆ ಎತ್ತಿಕೊಂಡು ಹೋಗಿ, ಅಲೆಯ ಆಕಾರ ತೋರಿಸುವ ಸ್ಕೋಪಿಗೆ ಜೋಡಿಸಿದಳು. ಪರದೆಯ ಮೇಲೆ ಹಸಿರು ಗೆರೆ ನುಣ್ಣಗೆ ಏರಿ ಇಳಿಯಿತು. ನೋಡಿ, ಎಂದು ಕೈ ತೋರಿಸಿದಳು.

"ಕಣ್ಣಿಗೇನೋ ಚೆನ್ನಾಗೇ ಇದೆ. ಕಣ್ಣು ಮುಚ್ಕೊಂಡು ಕೇಳಿ," ಎಂದ ಅವನು.

ಎಂಥ ಜಂಬದ ಮನುಷ್ಯ... ಎಂದುಕೊಂಡಳು. ಆದರೂ ಕಣ್ಣು ಮುಚ್ಚಿದಳು.

ಸೈನ್ ವೇವ್ ಅಂದರೆ ಬೇರೇನೂ ಬೆರೆಯದ ಒಂಟಿ ಸ್ವರ. ಆದರೆ ವಾದ್ಯದ ಒಳಗಿನ ಆಸಿಲೇಟರು ಅದನ್ನು ನೇರವಾಗಿ ಹುಟ್ಟಿಸುವುದಿಲ್ಲ. ಮೊದಲು ಮೂಲೆ ಮೂಲೆಯಾದ ಒಂದು ತ್ರಿಕೋನದ ಅಲೆ ಹುಟ್ಟುತ್ತದೆ. ಅದರ ತುದಿಗಳನ್ನು ದುಂಡಗೆ ಮಾಡಿದಾಗ ಸೈನ್ ಆಗುತ್ತದೆ. ಎಷ್ಟು ದುಂಡಗಾಗಬೇಕು, ಎಡಬಲ ಎಷ್ಟು ಸಮನಾಗಬೇಕು ಎನ್ನುವುದನ್ನು ಎರಡು ಪುಟ್ಟ ತಿರುಪುಗಳು ನಿರ್ಧರಿಸುತ್ತವೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕರೆಯದ ನೆಂಟರ ಹಾಗೆ ಬೇರೆ ಸ್ವರಗಳು ಒಳಗೆ ಬಂದು ಕೂರುತ್ತವೆ.

ಅವಳು ಇನ್ನೊಂದು ಮೀಟರನ್ನು ಹತ್ತಿರ ಎಳೆದಳು. ಮುಖ್ಯ ಸ್ವರವನ್ನು ಪೂರ್ತಿ ತೆಗೆದುಹಾಕಿ, ಮಿಕ್ಕಿದ್ದನ್ನು ಮಾತ್ರ ಕೇಳಿಸುವ ಯಂತ್ರ ಅದು. ಗುಂಡಿ ತಿರುಗಿಸಿದಳು. ಸ್ವರ ಮಾಯವಾಯಿತು. ಅದು ಹೋದ ಜಾಗದಲ್ಲಿ, ಸೊಳ್ಳೆಯ ಹಾಗೆ, ಸಣ್ಣಗೆ ಒಂದು ಗುಂಯ್‌ಗುಡುವಿಕೆ ಉಳಿದಿತ್ತು. ಮೀಟರಿನ ಮುಳ್ಳು ನೂರಕ್ಕೆ ಎರಡು ಪಾಲು ಎಂದು ತೋರಿಸಿತು.

ಅವಳ ಕಿವಿಯ ತುದಿ ಬಿಸಿಯಾಯಿತು. ಆ ದಿನ ಒಂದೇ ಬಾರಿಗೆ ಹತ್ತು ವಾದ್ಯ ಕಳಿಸಬೇಕಾಗಿತ್ತು. ಅರ್ಧ ಗಂಟೆ ಚಾಲೂ ಇಟ್ಟು ಬೆಚ್ಚಗಾದ ಮೇಲೆ ತಿರುಪು ಮುಟ್ಟಬೇಕಾದವಳು, ಕಾಯದೆ ಮುಟ್ಟಿದ್ದಳು.

"ತಪ್ಪು ನನ್ನದೇ. ಮೂವತ್ತು ನಿಮಿಷ ಕೂತಿರಿ, ಸರಿ ಮಾಡಿಕೊಡ್ತೀನಿ," ಎಂದಳು.

ಅವನು ತಬ್ಬಿಬ್ಬಾದ. ಜಗಳಕ್ಕೆಂದೇ ಸಿದ್ಧವಾಗಿ ಬಂದಿದ್ದೆ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಈಗ ಅದನ್ನೆಲ್ಲ ಎಲ್ಲಿ ಇಡಲಿ ಎಂದು ಕೇಳಿದ. ಆಗ ಸೂಜಿಗೆ ನಗು ಬಂತು.

ಅವನು ಒಂದು ನಾಟಕ ತಂಡಕ್ಕೆ ಸಂಗೀತ ಮಾಡುತ್ತಿದ್ದ. ಸಮುದ್ರದ ನಡುವೆ ದೀಪಸ್ತಂಭ ಕಾಯುವ ಒಬ್ಬ ಹೆಂಗಸಿನ ನಾಟಕ. ನಲವತ್ತು ನಿಮಿಷದ ಸಂಗೀತ, ಪೂರ್ತಿ ಶುದ್ಧ ಸೈನ್ ಸ್ವರಗಳಿಂದಲೇ. ಎರಡು ಸ್ವರಗಳನ್ನು ಒಂದಕ್ಕೊಂದು ತೀರಾ ಹತ್ತಿರ ಇಟ್ಟರೆ ಅವು ಸೇರಿ ಉಸಿರಾಡುವ ಹಾಗೆ ಏರಿ ಇಳಿಯುತ್ತವೆ, ಆ ಉಸಿರೇ ನನ್ನ ನಾಟಕದ ಜೀವ, ಅದರಲ್ಲಿ ಮರಳು ಬಿದ್ದರೆ ಹೆಂಗಸಿಗೆ ಗೂರಲು ಬಂದ ಹಾಗಾಗುತ್ತದೆ ಎಂದ.

ಅರ್ಧ ಗಂಟೆ ಕಳೆಯಿತು. ಅವಳು ತಿರುಪು ತಿರುಗಿಸಿದಳು, ಅವನು ಕೇಳಿದ. ಇನ್ನೂ ಸ್ವಲ್ಪ... ಇಲ್ಲ, ಜಾಸ್ತಿ ಆಯ್ತು... ಹಿಂದೆ ಬನ್ನಿ... ಎನ್ನುತ್ತಿದ್ದ. ಮೀಟರಿನ ಮುಳ್ಳು ಬಿದ್ದು ನೆಲ ಕಚ್ಚುವ ಹೊತ್ತಿಗೆ, ಇಬ್ಬರೂ ಒಟ್ಟಿಗೇ "ಹಾಂ" ಎಂದರು.

ಸೂಜಿ ಆ ಒಂದು ಕ್ಷಣ ಅವನ ಮುಖವನ್ನೇ ನೋಡುತ್ತಿದ್ದಳು. ತನ್ನ ಹಾಗೆ ಕೇಳಬಲ್ಲವನು ಈ ಊರಲ್ಲಿ ಇನ್ನೊಬ್ಬ ಇದ್ದಾನೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ಆಮೇಲೆ ಅವನು ಪ್ರತಿ ವಾರ ಬರತೊಡಗಿದ. ಒಮ್ಮೆ ಒತ್ತುವ ಕೀ ಬಿಗಿ, ಒಮ್ಮೆ ವೈರು ಸಡಿಲ. ಒಮ್ಮೆಯಂತೂ ಏನೂ ಆಗಿಲ್ಲ, ಹೀಗೇ ಬಂದೆ ಎಂದುಬಿಟ್ಟ. ಮಾವ ಕನ್ನಡಕದ ಮೇಲಿಂದ ನೋಡಿ, "ಸೂಜಿ, ಆ ಗಿರಾಕಿಯ ವಾದ್ಯ ಗಟ್ಟಿಯಾಗೇ ಇದೆ. ಸಡಿಲ ಆಗಿರೋದು ಇನ್ನೇನೋ," ಎಂದರು. ಅವಳು ಕೇಳಿಸದವಳ ಹಾಗೆ ಬೆಸುಗೆ ಹಾಕುತ್ತಾ ಕೂತಳು.

ಒಂದು ಮಧ್ಯಾಹ್ನ ತಾಲೀಮಿಗೆ ಬರಬೇಕೆಂದು ಕರೆದ. ಖಾಲಿ ರಂಗಮಂದಿರದ ಹಿಂದಿನ ಸಾಲಿನಲ್ಲಿ ಅವಳು ಒಬ್ಬಳೇ ಕೂತಳು. ಎರಡು ಸ್ವರಗಳು ಎದ್ದವು. ನಿಧಾನವಾಗಿ, ಮಲಗಿದ ಮಗುವಿನ ಎದೆಯ ಹಾಗೆ ಏರಿ ಇಳಿದವು. ಕಣ್ಣಲ್ಲಿ ನೀರು ತುಂಬಿದ್ದು ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಸ್ವರವನ್ನು ಒಮ್ಮೆಲೇ ನಿಲ್ಲಿಸದೆ, ತುಂಬಾ ಹೊತ್ತು ತೆಗೆದುಕೊಂಡು ಸಣ್ಣಗೆ ಮಾಡಿದ. ಅವಳು ಕಣ್ಣೊರೆಸಿಕೊಳ್ಳಲಿ ಎಂದು.

ಮನಸ್ಸಿನ ಮಾತು ಇಬ್ಬರ ನಾಲಿಗೆಯ ತುದಿಗೂ ಬಂದಿತ್ತು. ನಾಟಕ ಮುಗಿಯಲಿ ಎಂದು ಅವನು ಕಾದ. ಅವನೇ ಹೇಳಲಿ ಎಂದು ಅವಳು ಕಾದಳು.

ಪ್ರದರ್ಶನಕ್ಕೆ ಇನ್ನು ಹದಿನೆಂಟು ದಿನ ಇತ್ತು. ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅವನು ವಾದ್ಯ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ಮುಖ ಬಾಡಿತ್ತು. ಮತ್ತೆ ಮರಳು ಸೇರಿದೆ, ಮೊದಲಿಗಿಂತ ಜಾಸ್ತಿ, ಶನಿವಾರದಿಂದ ಒಂದಿಷ್ಟೂ ಕೆಲಸ ಆಗಿಲ್ಲ ಎಂದ.

ಸೂಜಿ ಮೀಟರ್ ಹಚ್ಚಿದಳು. ಮುಳ್ಳು ಅಲ್ಲಾಡಲಿಲ್ಲ. ಮುಖ್ಯ ಸ್ವರ ತೆಗೆದರೆ ಏನೂ ಉಳಿಯುತ್ತಿರಲಿಲ್ಲ. ಆದರೆ ಹಿಂದೊಮ್ಮೆ ಅವನೇ ಸರಿ, ಅವಳೇ ತಪ್ಪಾಗಿದ್ದಳಲ್ಲ. ಆದ್ದರಿಂದ ಮುಚ್ಚಳ ಬಿಚ್ಚಿದಳು, ತಿರುಪುಗಳನ್ನು ಮೊದಲಿನಿಂದ ಹೊಂದಿಸಿದಳು, ಅನುಮಾನ ಬಂದ ಒಂದು ಬಿಡಿಭಾಗವನ್ನೂ ಬದಲಿಸಿದಳು. ಇನ್ನೂ ಇದೆ ಎಂದ. ಕಪಾಟಿನಿಂದ ಹೊಸ ವಾದ್ಯ ತಂದಳು. ಇದರಲ್ಲೂ ಇದೆ ಎಂದ. ಇನ್ನೊಂದು ತಂದಳು. ಅದರಲ್ಲೂ.

ಆಗ ಅವಳು ಗಮನಿಸಿದಳು. ಅವನು ಸ್ಪೀಕರಿನ ಕಡೆಗೆ ಎಡಗಿವಿ ಕೊಟ್ಟು, ಕತ್ತು ವಾಲಿಸಿಕೊಂಡು ಕೂತಿದ್ದ. ಮೊದಲೆಲ್ಲ ಹಾಗೆ ಕೂರುತ್ತಿರಲಿಲ್ಲ.

ಹೆಡ್‌ಫೋನ್ ಕೊಟ್ಟು, ಎಡಗಿವಿಗೆ ಮಾತ್ರ ಸ್ವರ ಕಳಿಸಿದಳು. ಈಗ ಸರಿಯಾಯ್ತು, ಏನು ಮಾಡಿದ್ರಿ ಎಂದು ಅವನು ಹಿಗ್ಗಿದ. ಅದೇ ಸ್ವರವನ್ನು ಬಲಕ್ಕೆ ಕಳಿಸಿದಳು. ಅವನು ಮುಖ ಕಿವುಚಿದ. ಹೆಡ್‌ಫೋನನ್ನೇ ತಿರುವುಮುರುವು ಮಾಡಿ ಹಾಕಿದಳು. ಎಡಗಿವಿಯಲ್ಲಿ ಶುದ್ಧ. ಬಲಗಿವಿಯಲ್ಲಿ ಮರಳು.

ದೇವರೇ, ನನ್ನ ಲೆಕ್ಕ ತಪ್ಪಾಗಿರಲಿ... ಎಂದುಕೊಂಡಳು. ಆದರೆ ತಪ್ಪಾಗಿರಲಿಲ್ಲ.

"ವಾದ್ಯ ಸರಿ ಇದೆ," ಎಂದಳು, ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ. "ನಿಮ್ಮ ಬಲಗಿವಿಗೆ ಏನೋ ಆಗಿದೆ. ಇವತ್ತೇ ಡಾಕ್ಟರ ಹತ್ತಿರ ಹೋಗಬೇಕು."

ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಮೊದಲನೇ ಸಲವೂ ನೀವು ಏನೂ ಇಲ್ಲ ಅಂದಿದ್ರಿ," ಎಂದ. "ಅಂಗಡಿ ಹೆಸರು ಉಳಿಸೋಕೆ ನನ್ನ ಕಿವೀನೇ ಕೆಟ್ಟಿದೆ ಅಂತ ಹೇಳಬೇಕಾಯ್ತಾ? ನನ್ನ ಹತ್ರ ಇರೋದೇ ಅದೊಂದು."

ಅವನ ಮಾತಿನಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಅದು ಅವಳಿಗೆ ಗೊತ್ತಾಯಿತು. ಆದರೂ ಚುಚ್ಚುವುದು ಚುಚ್ಚಿತು. ಅವನು ವಾದ್ಯ ಎತ್ತಿಕೊಂಡು ಹೊರಟುಹೋದ.

ಸೂಜಿ ಕಿವಿ ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದಳು. ಡಾಕ್ಟರಮ್ಮ ಕೇಳಿಸಿಕೊಂಡು, ಒಂದೇ ಕಿವಿಯ ಶಕ್ತಿ ಹೀಗೆ ಇದ್ದಕ್ಕಿದ್ದಂತೆ ಕುಸಿಯುವುದುಂಟು, ಆಗ ಶುದ್ಧ ಸ್ವರವೂ ಒಡೆದ ಹಾಗೆ ಕೇಳಿಸುತ್ತದೆ, ಕೆಲವೇ ದಿನಗಳಲ್ಲಿ ಔಷಧ ಶುರುವಾದರೆ ಮರಳಿ ಬರುವ ಆಸೆ ಇದೆ, ಎರಡು ವಾರ ದಾಟಿದರೆ ಕಷ್ಟ ಎಂದರು. ಸೂಜಿ ಬೆರಳು ಮಡಿಚಿದಳು. ಶನಿ, ಭಾನು, ಸೋಮ. ಮೂರು ದಿನ ಹೋಗಿಯಾಗಿತ್ತು.

ಆರು ಸಲ ಅವನಿಗೆ ಫೋನು ಮಾಡಿದಳು. ಎತ್ತಲಿಲ್ಲ.

ಮಾವನಿಗೆ ಹೇಳಿ, ಆ ಮಧ್ಯಾಹ್ನವೇ ಅವನ ಅಕ್ಕನ ಮನೆ ಹುಡುಕಿಕೊಂಡು ಹೋದಳು. ತಾಯಿ ಹೋದ ಮೇಲೆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಅದೇ ನಾಟಕ ತಂಡಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ಸೂಜಿ ಹೇಳಿದ್ದನ್ನೆಲ್ಲ ಕೇಳುವಾಗ ಹೊಲಿಗೆ ಯಂತ್ರದ ಮೇಲಿಟ್ಟ ಅವಳ ಕೈ ಕದಲಲಿಲ್ಲ.

"ನೀನು ಹೇಳೋದು ನಿಜ ಅಂತ ಹ್ಯಾಗಮ್ಮ ನಂಬಲಿ?"

"ನಂಬಬೇಡಿ ಅಕ್ಕ. ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಏನೂ ಇಲ್ಲ ಅಂದ್ರೆ ವರ್ಕ್‌ಶಾಪಿಗೆ ಬಂದು ಎಲ್ಲರ ಮುಂದೆ ನನಗೆ ಬಯ್ದು ಹೋಗಿ. ನಾನು ಬಂದಿದ್ದೆ ಅಂತ ಮಾತ್ರ ಹೇಳಬೇಡಿ, ಹಟಕ್ಕೆ ಬೀಳ್ತಾರೆ."

ಅಕ್ಕ ಅವಳ ಮುಖವನ್ನು ದಿಟ್ಟಿಸಿ ನೋಡಿದಳು. ಗಿರಾಕಿಗೋಸ್ಕರ ಯಾರೂ ಇಷ್ಟು ಓಡಾಡುವುದಿಲ್ಲ ಎಂದು ಅವಳಿಗೆ ಅರ್ಥವಾಗಿರಬೇಕು. ಮರುದಿನ ಬೆಳಿಗ್ಗೆ, ತನಗೇ ತಲೆಸುತ್ತು ಎಂದು ಸುಳ್ಳು ಹೇಳಿ, ತಮ್ಮನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ಕಿವಿ ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದ್ದು ಅವನನ್ನು. ಔಷಧ ಅಂದೇ ಶುರುವಾಯಿತು.

ಅಕ್ಕನಿಂದ ಸುದ್ದಿ ತಿಳಿದು ಸೂಜಿ ಎರಡು ದಿನ ಹಗುರಾಗಿದ್ದಳು. ಅವನು ಒಂದಲ್ಲ ಒಂದು ದಿನ ಬರುತ್ತಾನೆ, ಬೈದದ್ದು ತಪ್ಪಾಯಿತು ಎನ್ನುತ್ತಾನೆ, ಬೇಕೆಂದೇ ಸ್ವಲ್ಪ ಮುನಿಸು ತೋರಿಸಬೇಕು ಎಂದೆಲ್ಲ ಅಂದುಕೊಂಡಿದ್ದಳು.

ಅವನು ಬರಲಿಲ್ಲ. ಹತ್ತನೇ ದಿನ ವಾದ್ಯ ಬಂತು. ಜೊತೆಗೊಂದು ಚೀಟಿ.

"ನನ್ನ ಕಿವಿಯ ವಿಷಯ ನಾಟಕದ ನಿರ್ದೇಶಕಿಗೆ ಹೇಳುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಸಂಗೀತವನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಈ ವಾದ್ಯ ಇನ್ನು ನನಗೆ ಬೇಡ."

ಅವಳು ಚೀಟಿಯನ್ನು ಮೂರು ಸಲ ಓದಿದಳು. ನಿರ್ದೇಶಕಿಯ ಮುಖವನ್ನೇ ಅವಳು ನೋಡಿರಲಿಲ್ಲ. ವಿಷಯ ಗೊತ್ತಿದ್ದದ್ದು ಅವಳಿಗೆ, ಮಾವನಿಗೆ, ಮತ್ತು ಅಕ್ಕನಿಗೆ. ಮಾವ ವರ್ಕ್‌ಶಾಪು ಬಿಟ್ಟು ಕದಲಿರಲಿಲ್ಲ. ಉಳಿದದ್ದು ಅಕ್ಕ ಒಬ್ಬಳೇ.

ನಾನಲ್ಲ ಎಂದು ಬರೆಯಲು ಫೋನು ಎತ್ತಿಕೊಂಡಳು. ನಾಲ್ಕು ಸಾಲು ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಾವನಿಗೆ ತಾಳ್ಮೆ ತಪ್ಪಿತು.

"ಮಾಡದ ತಪ್ಪನ್ನ ತಲೆ ಮೇಲೆ ಹೊತ್ಕೊಂಡು ಕೂತ್ಕೊಳ್ಳೋಕೆ ನಿನಗೇನು ಹುಚ್ಚಾ? ಹೇಳಿಬಿಡು."

"ನಾನಲ್ಲ ಅಂದ್ರೆ ಅಕ್ಕ ಅಂತ ಅವರಿಗೇ ಗೊತ್ತಾಗತ್ತೆ ಮಾವ. ಈಗ ಅವರಿಗೆ ತಮ್ಮ ಕಿವಿ ಮೇಲೇ ನಂಬಿಕೆ ಇಲ್ಲ. ಊಟ ಹಾಕಿ, ಮಾತ್ರೆ ಕೊಟ್ಟು ನೋಡ್ಕೊಳ್ತಿರೋದು ಅಕ್ಕ ಒಬ್ರೇ. ಅವರ ಮೇಲಿನ ನಂಬಿಕೇನೂ ನಾನೇ ಕಿತ್ಕೊಳ್ಳಲಾ?"

ಮಾವ ಅವಳ ತಲೆ ಸವರಿ ಹೋದರು.

ನಾಟಕ ಬೇರೆ ಯಾರದೋ ಸಂಗೀತದೊಂದಿಗೆ ನಡೆಯಿತು. ಸೂಜಿ ಹೋಗಲಿಲ್ಲ. ದಿನಕ್ಕೆ ಮೂರು ವಾದ್ಯ, ವಾದ್ಯಕ್ಕೆ ಎರಡು ತಿರುಪು, ಕೆಲಸ ನಡೆಯುತ್ತಲೇ ಇತ್ತು. ಮೊದಲು ಮಾತಿಗೆ ಮಾತು ಕೊಡುತ್ತಿದ್ದವಳು ಈಗ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಅವಳ ಬಯ್ಗುಳಕ್ಕಾಗಿ ವರ್ಕ್‌ಶಾಪಿನವರು ಹಂಬಲಿಸುವಂತಾಯಿತು. ಅಮ್ಮ ಊರಿಂದ ಫೋನು ಮಾಡಿ ಯಾವುದೋ ಗಂಡಿನ ವಿಷಯ ಎತ್ತಿದಾಗ, ಈಗ ಬೇಡಮ್ಮ ಎಂದಷ್ಟೇ ಹೇಳಿ ಇಟ್ಟಳು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ನಾನು ಸುಮ್ಮನಿದ್ದಿದ್ದರೆ ಅವನು ಈಗಲೂ ವಾರಕ್ಕೊಮ್ಮೆ ಬರುತ್ತಿದ್ದನೇನೋ... ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಆದರೆ ಒಂದು ಕಿವಿ ಪೂರ್ತಿ ಹೋಗಿರುತ್ತಿತ್ತಲ್ಲ. ಇಲ್ಲ, ಇನ್ನೊಂದು ಸಲ ಅದೇ ದಿನ ಬಂದರೂ ನಾನು ಅದನ್ನೇ ಮಾಡುತ್ತಿದ್ದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಹೀಗೆ ನಾಲ್ಕು ತಿಂಗಳು ಕಳೆದವು.

ಒಂದು ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ ವರ್ಕ್‌ಶಾಪಿನ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಸೂಜಿ ಎದ್ದು ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಿನ್ನ ಮುಖ ನೋಡೋಕೂ ನನಗೆ ಯೋಗ್ಯತೆ ಇಲ್ಲಮ್ಮ," ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಆಸ್ಪತ್ರೆಯಿಂದ ಬಂದ ದಿನವೇ ತಮ್ಮ ಮತ್ತೆ ತಾಲೀಮಿಗೆ ಹೊರಟಿದ್ದ. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಕೂತರೆ ಇದ್ದದ್ದೂ ಹೋಗುತ್ತದೆಂಬ ಭಯಕ್ಕೆ, ಎರಡು ವಾರ ರಜೆ ಕೊಡಿ ಎಂದು ಅವಳು ನಿರ್ದೇಶಕಿಯ ಹತ್ತಿರ ಹೋಗಿ ಕೇಳಿಕೊಂಡಿದ್ದಳು. ಆಕೆ ರಜೆ ಕೊಡುವ ಬದಲು ಕೆಲಸವನ್ನೇ ಬೇರೆಯವರಿಗೆ ಕೊಟ್ಟುಬಿಟ್ಟಳು. ಕೊರಗುತ್ತಿದ್ದ ತಮ್ಮನಿಗೆ ನಿಜ ಹೇಳಲು ಅಕ್ಕನಿಗೆ ಬಾಯಿ ಬರಲಿಲ್ಲ. ಅವನು ಅದಕ್ಕೆ ಸೂಜಿಯನ್ನು ಹೊಣೆ ಮಾಡಿ ಚೀಟಿ ಕಳಿಸಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಈಚೆಗೆ ಒಂದು ದಿನ, ಆ ಹುಡುಗಿಯ ಹೆಸರನ್ನೇ ಎತ್ತುವುದಿಲ್ಲವಲ್ಲ ಯಾಕೆ ಎಂದು ಕೇಳಿದಾಗ ಅವನು ಬಾಯಿಬಿಟ್ಟಿದ್ದ. ಆಗ ಅವಳೂ ಬಾಯಿಬಿಟ್ಟಳು. ಮೊದಲು ಮನೆಗೆ ಬಂದು ಎಚ್ಚರಿಸಿದ್ದು ಯಾರು ಎನ್ನುವುದನ್ನೂ ಹೇಳಿದಳು.

"ಎರಡು ದಿನ ಊಟ ಮಾಡಲಿಲ್ಲ ಅವನು," ಎಂದಳು ಅಕ್ಕ. "ಈಗ ಹೊರಗೆ ನಿಂತಿದಾನೆ. ಒಳಗೆ ಬಾರೋ ಅಂದ್ರೆ ಕಾಲು ಬರ್ತಿಲ್ಲ ಅಂತಾನೆ."

ಸೂಜಿ ಮಾವನ ಕಡೆ ನೋಡಿದಳು. ಮಾವ ಅವಳ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡರು. "ಹೋಗು. ಇವತ್ತಿನ ತಿರುಪು ನಾನು ತಿರುಗಿಸ್ತೀನಿ. ಕೆಟ್ಟರೆ ನಾಳೆ ನೀನು ಬಯ್ಯುವಿಯಂತೆ."

ಅವನು ಎದುರಿನ ಗೋಡೆಗೆ ಒರಗಿ ನಿಂತಿದ್ದ. ಇಳಿದುಹೋಗಿದ್ದ. ಅವಳನ್ನು ಕಂಡು ನೆಟ್ಟಗಾದ.

ಏನೇನೋ ಕೇಳಬೇಕೆಂದಿದ್ದ ಸೂಜಿಯ ಬಾಯಿಂದ ಬಂದದ್ದು ಒಂದೇ. "ಕಿವಿ ಹೇಗಿದೆ?"

ಅವನ ಕಣ್ಣು ತುಂಬಿತು. ಮುಕ್ಕಾಲು ಪಾಲು ವಾಪಸ್ ಬಂದಿದೆ ಎಂದ. ಇನ್ನೊಂದು ವಾರ ತಡವಾಗಿದ್ದರೆ ಏನೂ ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಹೇಳಿದ್ದರಂತೆ. ಬಲಗಿವಿಗೆ ಹಕ್ಕಿಯ ಕೂಗು, ಪಿಸುಮಾತು ಕೇಳಿಸುವುದಿಲ್ಲ. ಇದ್ದ ಕಿವಿಯಲ್ಲೇ ಇನ್ನೊಂದು ತಂಡಕ್ಕೆ ಕೆಲಸ ಶುರು ಮಾಡಿದ್ದ, ಅನುಮಾನ ಬಂದಲ್ಲಿ ಮೀಟರ್ ನೋಡಿಕೊಂಡು.

"ನೀವಲ್ಲ ಅಂತ ಒಂದು ಮಾತು ಯಾಕೆ ಹೇಳಲಿಲ್ಲ?" ಎಂದ.

"ನೀವು ಯಾಕೆ ಒಂದು ಮಾತು ಕೇಳಲಿಲ್ಲ?"

ಅವನು ತಲೆ ತಗ್ಗಿಸಿದ. "ಕೇಳೋ ಧೈರ್ಯ ಇರಲಿಲ್ಲ. ಸಂಗೀತ ಹೋಯ್ತು ಅನ್ನೋದಕ್ಕಿಂತ, ನೀವು ಹಾಗೆ ಮಾಡಿದ್ರಿ ಅನ್ನೋದು ಹೆಚ್ಚು ನೋವಾಗಿತ್ತು. ಯಾಕೆ ಅಂತ ಆಮೇಲೆ ಗೊತ್ತಾಯ್ತು. ನಿಮ್ಮನ್ನ ಇಷ್ಟಪಟ್ಟಿದ್ದೆ. ಇಷ್ಟಪಟ್ಟವರನ್ನ ನಂಬಬೇಕು ಅನ್ನೋದು ಮಾತ್ರ ಗೊತ್ತಿರಲಿಲ್ಲ. ತಪ್ಪಾಯ್ತು."

ನಾಲ್ಕು ತಿಂಗಳ ಸಿಟ್ಟು ಒಂದೇ ಮಾತಿಗೆ ಕರಗುವುದಿಲ್ಲ. ಆದರೆ ಎಲ್ಲೋ ಒಳಗೆ ಅದರ ಗಂಟು ಸಡಿಲವಾಗಿತ್ತು. ಅವಳು ಬಸ್ ಸ್ಟಾಪಿನ ಕಡೆ ನಡೆಯತೊಡಗಿದಳು. ಅವನೂ ಜೊತೆಗೆ ಹೆಜ್ಜೆ ಹಾಕಿದ. ಸ್ವಲ್ಪ ದೂರ ಹೋದ ಮೇಲೆ, ನೆಲ ನೋಡುತ್ತಾ ಕೇಳಿದ.

"ಜೀವನಪೂರ್ತಿ ನನ್ನ ಜೊತೆ ಇರ್ತೀರಾ? ಈಗಲೇ ಹೇಳಬೇಕು ಅಂತೇನಿಲ್ಲ."

ವಾಹನಗಳು ಸದ್ದು ಮಾಡುತ್ತಾ ಹೋಗುತ್ತಿದ್ದವು. ಅವಳು ಅವನ ಬಲಕ್ಕಿದ್ದಳು. ಬೇಕೆಂದೇ, ಉಸಿರಿಗಿಂತ ಸ್ವಲ್ಪ ಗಟ್ಟಿಯಾಗಿ, ಎರಡು ಪದ ಹೇಳಿದಳು. ತನ್ನ ಬಾಯಿಂದ ಆ ಮಾತು ಬರುತ್ತದೋ ಇಲ್ಲವೋ ನೋಡೋಣ ಎಂದು.

"ಏನಂದ್ರಿ? ಆ ಕಡೆಯಿಂದ ಮೆಲ್ಲಗೆ ಹೇಳಿದ್ರೆ ನನಗೆ ತಿಳಿಯಲ್ಲ."

ಅವಳು ನಿಂತಳು. ಅವನ ಹಿಂದಿನಿಂದ ಬಳಸಿ ಎಡಕ್ಕೆ ಬಂದಳು.

"ಇರ್ತೀನಿ ಕಣೋ, ಅಂದೆ. ಆದ್ರೆ ಇನ್ಮೇಲೆ ಸಿಟ್ಟು ಬಂದ್ರೆ ಚೀಟಿ ಗೀಟಿ ಕಳಿಸೋ ಹಾಗಿಲ್ಲ. ಎದುರಿಗೆ ಬಂದು ಜಗಳ ಆಡಬೇಕು."

ಅವನು ನಕ್ಕುಬಿಟ್ಟ.

"ಆಡ್ತೀನಿ. ಗೆಲ್ಲೋದು ನೀನೇ ಅಂತ ಗೊತ್ತಿದ್ರೂ ಆಡ್ತೀನಿ. ಮೊದಲು ಹೇಳಿದೆಯಲ್ಲ, ಅದನ್ನ ಇನ್ನೊಂದ್ಸಲ ಹೇಳ್ತೀಯಾ?"

"ಕೇಳಿಸ್ತಲ್ಲ?"

"ಕೇಳಿಸ್ತು. ಆದ್ರೂ ಹೇಳು."

ಅವಳು ಹೇಳಿದಳು, ಈ ಸಲ ಮೆಲ್ಲಗಲ್ಲ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ತಿರುಗಿ ನೋಡಿದರು. ನೋಡಿಕೊಳ್ಳಲಿ ಬಿಡು ಎಂದುಕೊಂಡು ಅವಳು ಅವನ ತೋಳು ಹಿಡಿದಳು.